ಅಂಗಾಲು ಗಟ್ಟಿಯಾಯ್ತು, ಒಳಗೆ ಮೂಳೆ ಬಿರುಕು ಬಿಟ್ಟಿತ್ತು

ಹೋದ ವಾರ ಬೆಳಗ್ಗೆ ದಾವಣಗೆರೆಯ ಕುಂದವಾಡ ಕೆರೆ ಹತ್ತಿರ ಹಸಿರು ಟೀ ಶರ್ಟಿನ ಹುಡುಗನೊಬ್ಬ ಎರಡೂ ಶೂ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನನ್ನನ್ನು ದಾಟಿ ಓಡಿದ. ತುದಿಗಾಲಲ್ಲೇ ಜಿಗಿಯುತ್ತಿದ್ದ, ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಕರೆದು ಹೇಳೋಣ ಅನ್ನುವಷ್ಟರಲ್ಲಿ ಗಾಜಿನ ಮನೆ ಕಡೆ ತಿರುಗಿಬಿಟ್ಟ. ನಾನೋ ನಡೆಯುತ್ತಿದ್ದವನು, ಹಿಡಿಯೋಕೆ ಆಗಲಿಲ್ಲ. ಹೋದ ವರ್ಷ ಇದೇ ದಾರಿಯಲ್ಲಿ ನಾನೂ ಹಾಗೇ ಓಡುತ್ತಿದ್ದೆ. ಆಮೇಲೆ ಆರು ವಾರ ಪ್ಲಾಸ್ಟಿಕ್ ಬೂಟು ಹಾಕಿಕೊಂಡು ಮನೇಲಿ ಕೂತೆ.

ನನಗೆ 41. ಮೂರು ವರ್ಷದಿಂದ ಶೂ ಹಾಕಿಕೊಂಡು ಓಡುತ್ತಿದ್ದೆ, ಭಾನುವಾರ 10 ಕಿಲೋಮೀಟರ್ ಸಲೀಸು. ಮೊಣಕಾಲು ಸ್ವಲ್ಪ ಕಿರಿಕಿರಿ ಮಾಡುತ್ತಿತ್ತು. ಆ ಹೊತ್ತಿಗೆ ವಾಟ್ಸಾಪಿನಲ್ಲಿ ಅಬೆಬೆ ಬಿಕಿಲಾ ಫೋಟೋ ಬಂತು. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದ ಇಥಿಯೋಪಿಯಾದವನು, 2 ಗಂಟೆ 15 ನಿಮಿಷ 16 ಸೆಕೆಂಡ್. ಅದೇ ಮನುಷ್ಯ 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿಕೊಂಡು ಓಡಿ, 2 ಗಂಟೆ 12 ನಿಮಿಷಕ್ಕೆ ಮುಗಿಸಿ, ಮತ್ತೆ ಚಿನ್ನ ಗೆದ್ದ. ಆ ಫೋಟೋ ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ ನೋಡಿ.

ಇನ್ನೊಂದು ಹಮ್ಮು ಇತ್ತು. ನಾನು ಜಗಳೂರು ಕಡೆ ಹಳ್ಳಿಯವನು. ಏಳನೇ ಕ್ಲಾಸಿನ ತನಕ ಚಪ್ಪಲಿ ಕಂಡಿದ್ದೇ ಅಪರೂಪ. ಶೇಂಗಾ ಹೊಲದಲ್ಲಿ, ಜಾಲಿ ಮುಳ್ಳಿನ ದಾರಿಯಲ್ಲಿ ಓಡಾಡಿದ ಕಾಲು ಇದು, ಇದಕ್ಕೆ ಯಾರು ಏನು ಕಲಿಸಬೇಕು ಅಂದುಕೊಂಡೆ. ಆ ಕಾಲು ಆಮೇಲೆ ಇಪ್ಪತ್ತೈದು ವರ್ಷ ಶೂ ಒಳಗೆ ಕೂತಿತ್ತು ಅನ್ನುವುದು ನೆನಪಾಗಲಿಲ್ಲ.

ಆನ್‌ಲೈನಿನಲ್ಲಿ ಕೋಚ್ ಅಂತ ಹೇಳಿಕೊಂಡವರೊಬ್ಬರ ಹತ್ತಿರ ದುಡ್ಡು ಕೊಟ್ಟು ಬರಿಗಾಲ ಓಟದ ಮೂವತ್ತು ದಿನದ ಪ್ಲಾನ್ ತೆಗೆದುಕೊಂಡೆ. ಮೂರನೇ ವಾರಕ್ಕೇ ಒಂದೇ ಸಲ 5 ಕಿಲೋಮೀಟರ್ ಇತ್ತು ಅದರಲ್ಲಿ. ಹಿಮ್ಮಡಿ ಊರಲೇಬಾರದು ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು.

ಮೊದಲ ವಾರ ಮೀನಖಂಡ ಎಷ್ಟು ನೋವು ಅಂದರೆ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುತ್ತಿದ್ದೆ, ಮಗಳು ವಿಡಿಯೋ ಮಾಡಿದಳು. ಎರಡನೇ ವಾರ ನೆಗ್ಗಿಲು ಮುಳ್ಳು ಚುಚ್ಚಿತು, ಕಿತ್ತು ಬಿಸಾಕಿದೆ. ಮೂರನೇ ವಾರಕ್ಕೆ ಅಂಗಾಲು ಗಟ್ಟಿಯಾಯ್ತು, ಜಲ್ಲಿ ಮೇಲೂ ಏನೂ ಅನ್ನಿಸುತ್ತಿರಲಿಲ್ಲ. ಖುಷಿಯೋ ಖುಷಿ. ಮೋಸ ಹೋಗಿದ್ದೇ ಇಲ್ಲಿ. ಚರ್ಮ ಎರಡು ಮೂರು ವಾರದಲ್ಲಿ ಹೊಂದಿಕೊಳ್ಳುತ್ತದೆ, ಮೂಳೆಗೆ ತಿಂಗಳುಗಟ್ಟಲೆ ಬೇಕು. ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೆ ಮೂಳೆಯನ್ನು ಸ್ವಲ್ಪ ಸ್ವಲ್ಪ ಕೆರೆದು ತೆಗೆಯುತ್ತದೆ, ಆಮೇಲೆ ಹೊಸದು ಕಟ್ಟುತ್ತದೆ. ಕೆಡವಿ ಆಗಿದೆ, ಕಟ್ಟಿಲ್ಲ ಅನ್ನುವ ಆ ನಡುವಿನ ವಾರಗಳಲ್ಲಿ ಮೂಳೆ ಮೊದಲಿಗಿಂತಲೂ ಮೆತ್ತಗಿರುತ್ತದೆ. ನಾನು ಸರಿಯಾಗಿ ಆಗಲೇ ದೂರ ಜಾಸ್ತಿ ಮಾಡಿದೆ. ಹೊಸದಾಗಿ ಓಡುವವನಾಗಿದ್ದರೆ ಒಂದು ಕಿಲೋಮೀಟರಿಗೇ ಉಸಿರು ಕಟ್ಟಿ ನಿಲ್ಲುತ್ತಿದ್ದೆ, ಕಾಲು ಉಳಿಯುತ್ತಿತ್ತು. ಮೂರು ವರ್ಷ ಓಡಿದ ಎದೆಗೆ ಸುಸ್ತೇ ಆಗಲಿಲ್ಲ, ಅದಕ್ಕೇ ನಿಲ್ಲಿಸಲಿಲ್ಲ.

ಐದನೇ ವಾರ ಬಲಗಾಲಿನ ಮೇಲ್ಭಾಗದಲ್ಲಿ ನೋವು ಶುರುವಾಯಿತು. ಅಂಗಾಲಲ್ಲಲ್ಲ, ಮೇಲೆ, ಚಪ್ಪಲಿ ಪಟ್ಟಿ ಬರುವ ಜಾಗದಲ್ಲಿ. ಹೆಬ್ಬೆರಳಿಂದ ಒತ್ತಿದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಜೀವ ಹೋದಂಗೆ ಆಗುತ್ತಿತ್ತು, ಅದರ ಪಕ್ಕ ಅರ್ಧ ಇಂಚು ಸರಿದರೆ ಏನೂ ಇಲ್ಲ. ಕೋಚ್‌ಗೆ ಮೆಸೇಜ್ ಹಾಕಿದೆ. ಕಾಲು ಗಟ್ಟಿಯಾಗುವಾಗ ಹಾಗೇ ಆಗುತ್ತೆ, ಮುಂದುವರಿಸಿ ಅಂದರು. ಮುಂದುವರಿಸಿದೆ! ಸಾಲದ್ದಕ್ಕೆ ನಾಟಿ ಚಿಕಿತ್ಸೆಯವರೊಬ್ಬರ ಹತ್ತಿರ ಎಣ್ಣೆ ಹಾಕಿ ತಿಕ್ಕಿಸಿಕೊಂಡೂ ಬಂದೆ. ಅವತ್ತು ರಾತ್ರಿ ಪಾದ ಬನ್ನಿನ ಹಾಗೆ ಊದಿತ್ತು.

ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಉಳುಕಿರಬೇಕು ಅಂದರು, ಮಾತ್ರೆ ನುಂಗಿದೆ, ನೋವು ಕಮ್ಮಿಯಾಯಿತು, ಮತ್ತೆ ಎರಡು ಸಲ ಓಡಿದೆ. ಮೂರು ವಾರ ಬಿಟ್ಟು ಬೇರೆ ಡಾಕ್ಟರ್ ಇನ್ನೊಂದು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. ಮೂರನೇ ಬೆರಳಿನ ಹಿಂದಿನ ಉದ್ದ ಮೂಳೆ ಸುತ್ತ ಮಸುಕಾದ ಬಿಳಿ ಗಂಟು. ಸ್ಟ್ರೆಸ್ ಫ್ರಾಕ್ಚರ್, ಅಂದರೆ ಮತ್ತೆ ಮತ್ತೆ ಭಾರ ಬಿದ್ದು ಮೂಳೆ ಬಿರುಕು ಬಿಡುವುದು. ಕೂದಲೆಳೆಯಷ್ಟು ಬಿರುಕು ಶುರುವಿನಲ್ಲಿ ಎಕ್ಸ್‌ರೇಗೆ ಸಿಗುವುದೇ ಕಡಿಮೆಯಂತೆ, ಕೂಡಿಕೊಳ್ಳಲು ಶುರುವಾದ ಮೇಲೆ ಈ ಗಂಟಿನಿಂದ ಗೊತ್ತಾಗುತ್ತದೆ, ಬೇಗ ತಿಳಿಯಬೇಕಾದರೆ ಎಂಆರ್‌ಐ ಬೇಕು. ಹಾಗಾಗಿ ಎಕ್ಸ್‌ರೇ ಕ್ಲೀನ್ ಇದೆ ಅಂತ ಹಿಗ್ಗಬೇಡಿ. ಒಂದೇ ಬಿಂದುವಿನಲ್ಲಿ ನೋವಿದ್ದರೆ, ಆ ಒಂದೇ ಕಾಲಲ್ಲಿ ಜಿಗಿಯೋಕೆ ಆಗದಿದ್ದರೆ, ಓಡುವುದನ್ನು ಅವತ್ತೇ ಬಿಡಿ.

ಆರು ವಾರದಲ್ಲಿ ನಾಲ್ಕು ಕೆಜಿ ಏರಿದೆ. ಬೆಣ್ಣೆ ದೋಸೆ ಊರಲ್ಲಿ ಕೂತು ತಿಂದರೆ ಇನ್ನೇನಾಗುತ್ತೆ.

ಬರಿಗಾಲ ಓಟವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ 2010ರಲ್ಲಿ ಬರೆದದ್ದು ನಿಜವೇ. ಬರಿಗಾಲಲ್ಲೇ ಬೆಳೆದ ಓಟಗಾರರು ಹೆಚ್ಚಾಗಿ ಪಾದದ ಮುಂಭಾಗ ಮೊದಲು ಊರುತ್ತಾರೆ, ನೆಲದ ಏಟು ಕಡಿಮೆ ಬೀಳುತ್ತದೆ. ಆದರೆ ಅದು ಬರಿಗಾಲಲ್ಲೇ ಬೆಳೆದವರ ಮಾತು. ಅದೂ ಅಲ್ಲದೆ ಮುಂಭಾಗ ಮೊದಲು ಊರಿದರೂ ಹಿಮ್ಮಡಿ ಆಮೇಲೆ ಮೆಲ್ಲಗೆ ನೆಲ ಮುಟ್ಟಲೇಬೇಕು. ನನ್ನ ಹಾಗೆ ಬೇಕೂಂತ ಎತ್ತಿಹಿಡಿದು ಓಡಿದರೆ ಮೊಣಕಾಲಿಗೆ ಉಳಿಸಿದ ಭಾರವನ್ನೆಲ್ಲ ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜು, ಬೆರಳ ಹಿಂದಿನ ತೆಳ್ಳಗಿನ ಮೂಳೆಗಳ ಮೇಲೆ ಹಾಕಿದಂತೆ.

ಶುರು ಮಾಡಲೇಬೇಕು ಅಂದರೆ ಮೊದಲು ಒಂದು ತಿಂಗಳು ಸುಮ್ನೆ ಬರಿಗಾಲಲ್ಲಿ ನಡೆಯಿರಿ. ಆಮೇಲೆ 400 ಮೀಟರ್, ದಿನ ಬಿಟ್ಟು ದಿನ, ನಯವಾದ ಗಟ್ಟಿ ನೆಲದ ಮೇಲೆ. ಹುಲ್ಲು ಮೆತ್ತಗಿದೆ ಅಂತ ಹೋಗಬೇಡಿ, ಬಾಟಲಿ ಚೂರು ಇರುವುದೇ ಅಲ್ಲಿ. ಏಪ್ರಿಲ್‌ನಲ್ಲಿ ನಮ್ಮೂರ ಟಾರು ಒಂಬತ್ತು ಗಂಟೆಗೇ ಸುಡುತ್ತದೆ, ಆ ಕಡೆ ಬೇಡ. ಟಿಟಿ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷ ಆಯ್ತು ನೋಡಿಕೊಳ್ಳಿ. ಶುಗರ್ ಇದ್ದು ಪಾದ ಜೋಮು ಹಿಡಿಯುವವರು ಈ ಸಹವಾಸಕ್ಕೇ ಬರಬೇಡಿ, ಗಾಯ ಆದದ್ದೂ ಗೊತ್ತಾಗುವುದಿಲ್ಲ.

ನಾನು ಈಗ ಬರಿಗಾಲಲ್ಲಿ 600 ಮೀಟರಿಗೆ ಬಂದಿದ್ದೇನೆ, ಎಂಟು ತಿಂಗಳಾದ ಮೇಲೆ. ಉಳಿದದ್ದೆಲ್ಲ ಶೂ ಹಾಕಿಕೊಂಡೇ. ಆ ಹಸಿರು ಟೀ ಶರ್ಟಿನ ಹುಡುಗ ಯಾರಿಗಾದರೂ ಪರಿಚಯ ಇದ್ದರೆ ಇದನ್ನು ಕಳಿಸಿ. ಬೆಳಗ್ಗೆ ಆರಕ್ಕೆ ಬರುತ್ತಾನೆ.