ಸದಾಶಿವ ಪೇಠ್‌ನ ಗಣಿತದ ಕ್ಲಾಸು: ಐದಕ್ಕೆ ಮೂರೂವರೆ ಅಂಕ

ಧಾರವಾಡದಲ್ಲಿ ಪಿಯುಸಿ ಮುಗಿಸಿ 22 ವರ್ಷ ಆಯ್ತು. ಈಗ ಪುಣೆಯ ಹಿಂಜವಡಿಯಲ್ಲಿ ಕೆಲಸ. ಮಷೀನ್ ಲರ್ನಿಂಗ್ ಕಲಿಯೋಣ ಅಂತ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ (ಒಂದಕ್ಕಿಂತ ಹೆಚ್ಚು ಚರಗಳ ಕ್ಯಾಲ್ಕುಲಸ್) ಹಿಡಿದೆ. ಪಾರ್ಷಿಯಲ್ ಡೆರಿವೇಟಿವ್ ಹೇಗೋ ದಾಟಿದೆ. ಡಬಲ್ ಇಂಟಿಗ್ರಲ್ ಬಂದ ಕೂಡಲೇ ಗಾಡಿ ನಿಂತಿತು. ಅದಕ್ಕೇ ಪುಣೆಯ ಸದಾಶಿವ ಪೇಠ್‌ನಲ್ಲಿ, ಈ ಕ್ಯಾಲ್ಕುಲಸ್‌ಗೆ ಬೇಕಾದ ಹಳೇ ಗಣಿತ ತಿದ್ದಿಸುವ ತಯಾರಿ ಕ್ಲಾಸಿಗೆ ಸೇರಿದ್ದು. ನಾಲ್ಕು ವಾರ, ಶನಿವಾರ-ಭಾನುವಾರ, 4,500 ರೂಪಾಯಿ.

ಮೊದಲ ದಿನ ಸರ್ ಬೋರ್ಡಿನ ಮೇಲೆ ಎಕ್ಸ್ ವರ್ಗ, ವೈ ವರ್ಗ ಕೂಡಿಸಿ ವರ್ಗಮೂಲದ ಗುರುತು ಹಾಕಿದರು. "ಇದು ಎಕ್ಸ್ ಪ್ಲಸ್ ವೈ, ಅಲ್ವಾ?" ಅರ್ಧ ಕ್ಲಾಸು ಹೂಂ ಅಂದಿತು, ನಾನೂ ಸೇರಿ. "3, 4 ಹಾಕಿ ನೋಡಿ." ಬಂದಿದ್ದು 5, 7 ಅಲ್ಲ. ಎಲ್ಲರೂ ನೋಟ್‌ಬುಕ್ ನೋಡುತ್ತಾ ಕೂತೆವು.

ದುಡ್ಡು ವಸೂಲಾಗಿದ್ದು ಎರಡನೇ ವಾರ. ಮನೆಯಲ್ಲಿ ಒಂದು ಲೆಕ್ಕ ನನ್ನನ್ನು ಸತಾಯಿಸುತ್ತಿತ್ತು. ಎಕ್ಸ್ ವರ್ಗ ಪ್ಲಸ್ ವೈ ವರ್ಗ ಅಂದರೆ 4ಎಕ್ಸ್, ಈ ವೃತ್ತದ ವಿಸ್ತೀರ್ಣ ಎಷ್ಟು? ಪೋಲಾರ್‌ನಲ್ಲಿ, ಅಂದರೆ ಎಕ್ಸ್-ವೈ ಬದಲು ದೂರ ಆರ್, ಕೋನ ಥೀಟಾ ಹಿಡಿದು ಮಾಡಿದರೆ ನನಗೆ ಪ್ರತಿ ಸಲ 8 ಪೈ. ಸರಿ ಉತ್ತರ 4 ಪೈ. ಸರ್ ಇಂಟಿಗ್ರಲ್ ಮುಟ್ಟಲೇ ಇಲ್ಲ. ಮೊದಲು ವರ್ಗ ಪೂರ್ತಿ ಮಾಡಿಸಿದರು: ಕೇಂದ್ರ (2, 0), ತ್ರಿಜ್ಯ 2. ಆಮೇಲೆ ಚಿತ್ರ ಬರೆಸಿದರು. ಆರ್ ಅಂದರೆ 4 ಕಾಸ್ ಥೀಟಾ. ಥೀಟಾ ಮೈನಸ್ 90ರಿಂದ 90 ಡಿಗ್ರಿಗೆ ಬರುವಷ್ಟರಲ್ಲೇ ವೃತ್ತ ಮುಗಿಯುತ್ತದೆ. ಮುಂದೆ ಕಾಸ್ ಮೈನಸ್ ಆಗಿ ಅದೇ ವೃತ್ತದ ಮೇಲೆ ಇನ್ನೊಂದು ಸುತ್ತು. ನಾನು ಸುಮ್ನೆ 0ಯಿಂದ 360 ಹಾಕಿ ಎರಡು ಸಲ ಎಣಿಸುತ್ತಿದ್ದೆ! ತಪ್ಪು ಕ್ಯಾಲ್ಕುಲಸ್‌ದಲ್ಲ, ಪಿಯುಸಿ ತ್ರಿಕೋನಮಿತಿದು.

ಲೆವೆಲ್ ಕರ್ವ್‌ಗೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಪುಣೆ ಹತ್ತಿರದ ಸಿಂಹಗಡ ಕೋಟೆಯ ಬೆಟ್ಟದ ನಕ್ಷೆ ತಂದಿದ್ದರು. ಗೆರೆಗಳು ಒತ್ತೊತ್ತಾಗಿರುವ ಕಡೆ ಏರು ಜಾಸ್ತಿ. ಹತ್ತಿ ಇಳಿದವರಿಗೆ ಬೇರೆ ಹೇಳಬೇಕಾ?

ಬೇಜಾರಾಗಿದ್ದು ಕೊನೆಯ ದಿನ. ವೆಕ್ಟರ್, ಡಾಟ್ ಪ್ರಾಡಕ್ಟ್, ಸಮತಲದ ಸಮೀಕರಣ ಎಲ್ಲ ಸೇರಿ ಒಂದೂವರೆ ಗಂಟೆ. ಗ್ರೇಡಿಯೆಂಟ್‌ಗೆ (ಏರು ಯಾವ ದಿಕ್ಕಿಗೆ ಅತಿ ಜಾಸ್ತಿ ಅಂತ ತೋರಿಸುವ ವೆಕ್ಟರ್) ಬೇಕಾಗಿದ್ದೇ ಅದು. ಕೇಳಿದರೆ "ಮನೆಯಲ್ಲಿ ನೋಡಿಕೊಳ್ಳಿ" ಅಂದರು. ಮನೆಯಲ್ಲಿ ಆಗಿದ್ದರೆ ನಾನ್ಯಾಕೆ ಬರುತ್ತಿದ್ದೆ? ಇನ್ನೊಂದು, ಉಮೇದು ಬಂದಾಗ ಸರ್ ಪೂರಾ ಮರಾಠಿಗೆ ಇಳಿಯುತ್ತಾರೆ. ನನಗೆ ತೊಂದರೆಯಿಲ್ಲ. ಪಕ್ಕದಲ್ಲಿದ್ದ ತುಮಕೂರಿನ ಹುಡುಗ ಮಾತ್ರ "ಏನಂದ್ರು ಅಕ್ಕಾ?" ಅಂತ ನಾಲ್ಕು ವಾರವೂ ಕೇಳಿದ.

ವೆಕ್ಟರ್ ಗೊತ್ತಿದ್ದು ಬೀಜಗಣಿತ ಮರೆತವರು ಧಾರಾಳವಾಗಿ ಸೇರಬಹುದು. ಕಾರು ತರಬೇಡಿ, ಆ ಓಣಿಯಲ್ಲಿ ಸ್ಕೂಟರ್ ನಿಲ್ಲಿಸೋದೇ ಕಷ್ಟ.