ಒಂದೇ ಜಿಎಸ್‌ಟಿ ನಂಬರಿನಲ್ಲಿ ಎರಡನೇ ಹೆಸರು: ಬಳಸಿದ ಮೇಲೆ ಗೊತ್ತಾಗುವ ಸಂಗತಿ

ಬ್ಯಾಡಗಿ ಮೆಣಸಿನಕಾಯಿಯ ಸಗಟು ವ್ಯಾಪಾರ ಹಳೇ ಹೆಸರಲ್ಲಿ ನಡೀತಿದೆ, ಈಗ ಮಸಾಲೆ ಪುಡಿಯನ್ನು ಇನ್ನೊಂದು ಹೆಸರಲ್ಲಿ ಮಾರಬೇಕು ಅನ್ನೋಣ. ಇದಕ್ಕೆ ಹೊಸ ರಿಜಿಸ್ಟ್ರೇಷನ್ ಬೇಕಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿರುವ ‘ಅಡಿಷನಲ್ ಟ್ರೇಡ್ ನೇಮ್’ ಸೌಲಭ್ಯ ಸಾಕು. ಸರ್ಕಾರಿ ಶುಲ್ಕ ಒಂದು ರೂಪಾಯಿಯೂ ಇಲ್ಲ, ರಿಟರ್ನ್ ಒಂದೇ, ಲೆಕ್ಕ ನೋಡುವವರಿಗೆ ಕೊಡುವ ಫೀಸೂ ಒಂದೇ. ಕೈಯಲ್ಲಿ ಹೆಚ್ಚು ದುಡ್ಡಿಲ್ಲದೆ ಎರಡನೇ ಕಸುಬು ಶುರು ಮಾಡುವವರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಸರ್ವಿಸಸ್, ರಿಜಿಸ್ಟ್ರೇಷನ್, ಕೋರ್ ಫೀಲ್ಡ್‌ಗಳ (ಅಧಿಕಾರಿಯ ಒಪ್ಪಿಗೆ ಬೇಕಾದ ಮುಖ್ಯ ವಿವರಗಳ) ತಿದ್ದುಪಡಿ ಹೀಗೆ ಹೋಗಿ ಬಿಸಿನೆಸ್ ಡೀಟೇಲ್ಸ್ ಪುಟದಲ್ಲಿ ಹೆಸರು ಸೇರಿಸಬೇಕು. ಕಾರಣ ಮತ್ತು ಬದಲಾವಣೆಯ ದಿನಾಂಕ ಹಾಕಿ ಸೇವ್ ಮಾಡಿ. ಡ್ರಾಫ್ಟ್ 15 ದಿನ ಮಾತ್ರ ಉಳಿಯುತ್ತದೆ. ಮಾಲೀಕರು ಒಬ್ಬರೇ ಆದರೆ ಓಟಿಪಿ ಸಾಕು, ಕಂಪನಿ ಮತ್ತು ಎಲ್‌ಎಲ್‌ಪಿಗೆ ಡಿಜಿಟಲ್ ಸಹಿ ಕಡ್ಡಾಯ. ಇದು ಆರ್‌ಇಜಿ-14 ಅರ್ಜಿ, ಅಧಿಕಾರಿಗೆ 15 ಕೆಲಸದ ದಿನಗಳ ಗಡುವು. ಪ್ರಶ್ನೆ ಇದ್ದರೆ ಆರ್‌ಇಜಿ-03 ನೋಟಿಸ್ ಬರುತ್ತದೆ, 7 ಕೆಲಸದ ದಿನಗಳಲ್ಲಿ ಉತ್ತರಿಸದಿದ್ದರೆ ಅರ್ಜಿ ತಿರಸ್ಕಾರವಾಗಬಹುದು. ಹಾಗಾಗಿ ಅರ್ಜಿ ಹಾಕಿದ ಮೇಲೆ ದಿನಾ ಒಮ್ಮೆ ಪೋರ್ಟಲ್ ತೆರೆದು ನೋಡುವುದು ಒಳ್ಳೆಯದು, ಎಸ್‌ಎಂಎಸ್ ನಂಬಿಕೊಂಡು ಕೂರಬೇಡಿ. ಪುಡಿ ಹೊಸ ಸರಕಾದರೆ ಅದರ ಎಚ್‌ಎಸ್‌ಎನ್ ಕೋಡನ್ನು (ಸರಕಿನ ವರ್ಗ ಹೇಳುವ ಸಂಖ್ಯೆ) ಅಧಿಕಾರಿಯ ಒಪ್ಪಿಗೆ ಬೇಡದ ನಾನ್-ಕೋರ್ ತಿದ್ದುಪಡಿಯಲ್ಲಿ ಬೇರೆಯಾಗಿ ಸೇರಿಸಿ.

ಒಪ್ಪಿಗೆ ಸಿಕ್ಕ ಮೇಲೆ ಸರ್ಟಿಫಿಕೇಟಿನಲ್ಲಿ ಎರಡನೇ ಹೆಸರು ನೀಟಾಗಿ ಕೂತಿರುತ್ತದೆ. ಅದರ ಪ್ರತಿ ತೆಗೆದು ಅಂಗಡಿಯಲ್ಲಿ ತೂಗುಹಾಕಿದಾಗ ಕೆಲಸ ಮುಗಿಯಿತು ಅನ್ನಿಸುವುದು ಸಹಜ. ಆದರೆ ನಿಜವಾದ ತೊಡಕು ಶುರುವಾಗುವುದು ಮುಂದಿನ ತಿಂಗಳು, ಪುಡಿ ಕೊಂಡ ಅಂಗಡಿಯವರ ಅಕೌಂಟೆಂಟ್ ಜಿಎಸ್‌ಟಿಆರ್-2ಬಿ ತೆರೆದಾಗ. ಮಾರಿದವರು ಅಪ್‌ಲೋಡ್ ಮಾಡಿದ ಬಿಲ್ಲುಗಳ ಪಟ್ಟಿ ಅದು, ಕೊಟ್ಟ ತೆರಿಗೆಯ ಕ್ರೆಡಿಟ್ ಪಡೆಯಲು ಕೊಂಡವರು ಅದನ್ನೇ ನೋಡುತ್ತಾರೆ. ಅಲ್ಲಿ ಸರಬರಾಜುದಾರರ ಹೆಸರಿಗೆ ಇರುವುದು ಒಂದೇ ಕಾಲಮ್, ಅದರಲ್ಲಿ ಬರುವುದು ಮೂಲ ಹೆಸರು. ಅವರ ಕೈಯಲ್ಲಿರುವ ಬಿಲ್ಲಿನಲ್ಲಿ ಮಸಾಲೆಯ ಹೆಸರು, ಪರದೆಯ ಮೇಲೆ ಮೆಣಸಿನಕಾಯಿ ಮಂಡಿಯ ಹೆಸರು. ‘ನಿಮ್ಮ ಬಿಲ್ ಅಪ್‌ಲೋಡ್ ಆಗಿಲ್ಲ’ ಅಂತ ಫೋನ್ ಬರುತ್ತದೆ, ಹಣ ತಡೆಹಿಡಿಯುತ್ತಾರೆ. ಕಾನೂನಿನ ಪ್ರಕಾರ ಏನೂ ತಪ್ಪಾಗಿಲ್ಲ. ಜಿಎಸ್‌ಟಿ ನಂಬರು ಮತ್ತು ಬಿಲ್ ನಂಬರು ತಾಳೆಯಾದರೆ ಸಾಕು. ಆದರೆ ಹೆಸರು ನೋಡಿ ತಾಳೆ ಹಾಕುವ ಅಭ್ಯಾಸ ನಮ್ಮ ಮಾರುಕಟ್ಟೆಯಲ್ಲಿ ಗಟ್ಟಿಯಾಗಿ ಬೇರೂರಿದೆ. ಹೆಸರು ಸೇರಿಸಲು ಅವಕಾಶ ಕೊಟ್ಟವರು ಅದನ್ನು 2ಬಿಯಲ್ಲೂ ತೋರಿಸಬೇಕಿತ್ತು. ನನ್ನ ದೊಡ್ಡ ತಕರಾರು ಇದೊಂದೇ.

ಇದನ್ನು ಸಂಭಾಳಿಸಲು ಬಿಲ್ಲಿನ ತಲೆಬರಹದಲ್ಲೇ ಹೊಸ ಹೆಸರಿನ ಕೆಳಗೆ ‘ಇಂಥ ಸಂಸ್ಥೆಯ ಘಟಕ’ ಎಂದು ಮೂಲ ಹೆಸರು ಅಚ್ಚು ಹಾಕಿಸಿ, ಜಿಎಸ್‌ಟಿ ನಂಬರು ದಪ್ಪಕ್ಷರದಲ್ಲಿರಲಿ. ಎರಡು ಹೆಸರಿಗೂ ಬೇರೆ ಬೇರೆ ಬಿಲ್ ಸರಣಿ ಇಡಿ: ಮೆಣಸಿನಕಾಯಿಗೆ ಒಂದು ಅಕ್ಷರ, ಪುಡಿಗೆ ಇನ್ನೊಂದು. ನಂಬರು 16 ಅಕ್ಷರ ಮೀರಬಾರದು, ನಡುವೆ ಅಡ್ಡಗೆರೆ ಅಥವಾ ಓರೆಗೆರೆ ಹಾಕಬಹುದು. ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರ 13ನೇ ಕೋಷ್ಟಕದಲ್ಲಿ ಎರಡೂ ಸರಣಿಯ ಮೊದಲ ಮತ್ತು ಕೊನೆಯ ನಂಬರು ಬೇರೆ ಬೇರೆ ಸಾಲಿನಲ್ಲಿ ಬರಬೇಕು. ಸಂಜೆ ಅಂಗಡಿ ಮುಚ್ಚುವ ಮೊದಲು ಎರಡೂ ಸರಣಿಯ ಕೊನೆಯ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ರೂಢಿ ತಿಂಗಳ ಕೊನೆಯಲ್ಲಿ ತುಂಬಾ ಕೆಲಸ ಉಳಿಸುತ್ತದೆ, ರದ್ದಾದ ಬಿಲ್ಲುಗಳೂ ಆಗಲೇ ಕಣ್ಣಿಗೆ ಬೀಳುತ್ತವೆ. ವಹಿವಾಟು 5 ಕೋಟಿ ದಾಟಿ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್) ಮಾಡುವವರು ಸಾಫ್ಟ್‌ವೇರ್‌ನಲ್ಲಿ ಟ್ರೇಡ್ ನೇಮ್ ಜಾಗಕ್ಕೆ ಹೊಸ ಹೆಸರು ಕೊಡಲಿ, ಪ್ಯಾನ್‌ನಲ್ಲಿರುವ ಹೆಸರಾದ ಲೀಗಲ್ ನೇಮ್ ಮುಟ್ಟಬಾರದು.

ಬ್ಯಾಂಕಿನ ವಿಷಯವೂ ಹೀಗೇ. ಖಾತೆ ಹಳೇ ಹೆಸರಲ್ಲಿದ್ದರೆ ಹೊಸ ಹೆಸರಿಗೆ ಬರೆದ ಚೆಕ್ ವಾಪಸ್ ಬರುವ ಸಾಧ್ಯತೆ ಹೆಚ್ಚು. ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಹಣ ಕಳಿಸುವವರಿಗೆ ಖಾತೆದಾರರ ಹೆಸರು ತೋರಿಸುವ ವ್ಯವಸ್ಥೆ 2025ರಲ್ಲಿ ಬಂದ ಮೇಲೆ ಬೇರೆ ಹೆಸರು ಕಂಡು ಅರ್ಧಕ್ಕೇ ನಿಲ್ಲಿಸುವವರಿದ್ದಾರೆ. ಹೊಸ ಸರ್ಟಿಫಿಕೇಟ್ ಕೊಟ್ಟು ಎರಡನೇ ಹೆಸರಲ್ಲಿ ಕರೆಂಟ್ ಅಕೌಂಟ್ ತೆರೆಯಿರಿ. ಪುಡಿಯ ಪ್ಯಾಕೆಟ್ ಮೇಲಿನ ಹೆಸರಿಗೂ ಆಹಾರ ಪರವಾನಗಿಯಲ್ಲಿರುವ ಹೆಸರಿಗೂ ಹೊಂದಾಣಿಕೆ ಇರಲಿ.

ಎರಡು ಹೆಸರಿದೆ ಅಂತ ವಹಿವಾಟಿನ ಮಿತಿ ಎರಡಾಗುವುದಿಲ್ಲ, ಪ್ಯಾನ್ ಒಂದೇ ಆದ್ದರಿಂದ ಎಲ್ಲ ಒಟ್ಟಿಗೇ ಲೆಕ್ಕ. ಹೆಸರಿನ ಮೇಲೆ ಹಕ್ಕೂ ಸಿಗುವುದಿಲ್ಲ. ಅದಕ್ಕೆ ಟ್ರೇಡ್‌ಮಾರ್ಕ್ ಅರ್ಜಿಯೇ ಬೇಕು, ಆನ್‌ಲೈನ್‌ನಲ್ಲಿ ವ್ಯಕ್ತಿಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ.

ಇಷ್ಟಾದರೂ ಕೌಂಟರಿನಲ್ಲಿ ಚಿಲ್ಲರೆ ಮಾರುವವರಿಗೆ ಇದನ್ನು ಕಣ್ಣುಮುಚ್ಚಿ ಹೇಳುತ್ತೇನೆ, ಅವರ ಗಿರಾಕಿಗಳು 2ಬಿ ನೋಡುವುದಿಲ್ಲ. ಹೊಸ ಹೆಸರಲ್ಲಿ ಅಂಗಡಿಗಳಿಗೇ ಹೆಚ್ಚು ಮಾರುವವರು ಮಾತ್ರ ಅರ್ಜಿ ಹಾಕುವಾಗಲೇ ಅದಲುಬದಲು ಮಾಡಿ: ಹೊಸದು ಮೂಲ ಟ್ರೇಡ್ ನೇಮ್ ಆಗಲಿ, ಹಳೆಯದು ಹೆಚ್ಚುವರಿ ಜಾಗಕ್ಕೆ ಹೋಗಲಿ.