ಯುಪಿಎಸ್‌ಗೆ ಯಾವ ಬ್ಯಾಟರಿ? ಮೂರನ್ನೂ ಹಾಕಿ ನೋಡಿದೆ

ಕರೆಂಟ್ ಹೋಯಿತು, ಯುಪಿಎಸ್ ಒಮ್ಮೆ ಕೀ ಎಂದು ಕೂಗಿತು, ಮರುಕ್ಷಣ ಕಂಪ್ಯೂಟರ್ ಆರಿತು. ಸೇವ್ ಮಾಡದ ಎರಡು ಗಂಟೆಯ ಕೆಲಸ ಹೋಯಿತು. ಕರೆಂಟ್ ಬಂದಮೇಲೆ ಹಸಿರು ದೀಪ ಎಂದಿನಂತೆ ಉರಿಯುತ್ತಿತ್ತು. ಲೋಡ್ ಹೆಚ್ಚಾದರೆ ಹೊರಗೆ ಚಿಮ್ಮುವ ಹಿಂಬದಿಯ ಬ್ರೇಕರ್ ಗುಂಡಿಯೂ ಹೊರಗೆ ಬಂದಿರಲಿಲ್ಲ.

ಪ್ಲಗ್ ಕಿತ್ತು, ಬ್ಯಾಟರಿ ಹೊರತೆಗೆದು ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್. ಬ್ಯಾಟರಿ ಚೆನ್ನಾಗಿದೆ ಎಂದುಕೊಂಡು ಹಲವರು ಮುಚ್ಚಿಡುವುದು ಇಲ್ಲೇ. ನಾನು ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬನ್ನು ಜೋಡಿಸಿದೆ. ಮೀಟರ್ 11.4 ತೋರಿಸಿತು, ಆಮೇಲೆ 10.2, ಅರ್ಧ ನಿಮಿಷದೊಳಗೆ 8. ಬಲ್ಬು ಕೆಂಪಗಾಗಿ ಮಂಕಾಯಿತು. ಆ ಬಲ್ಬು ಎಳೆಯುವುದು ಬರೀ ನಾಲ್ಕೂವರೆ ಆಂಪ್; ನನ್ನ ಕಂಪ್ಯೂಟರ್, ಮಾನಿಟರ್ ಸೇರಿ 180 ವ್ಯಾಟ್ ಎಂದರೆ, ಯುಪಿಎಸ್‌ನೊಳಗಿನ ನಷ್ಟವೂ ಸೇರಿ, ಬ್ಯಾಟರಿಯಿಂದ ಸುಮಾರು 18 ಆಂಪ್ ಬೇಕು. ನಾಲ್ಕು ವರ್ಷ ದುಡಿದ ಬ್ಯಾಟರಿಯ ಕಥೆ ಮುಗಿದಿತ್ತು.

ಮೊದಲು ಹಾಕಿದ್ದು ಹಳೆಯದರಂಥದ್ದೇ, 12 ವೋಲ್ಟ್ 7 ಆಂಪ್-ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಸೀಸದ ಬ್ಯಾಟರಿ. ಪೂರ್ತಿ ಚಾರ್ಜ್ ಮಾಡಿ ಪ್ಲಗ್ ಕಿತ್ತರೆ 9 ನಿಮಿಷ. ಫೈಲ್ ಉಳಿಸಿ ಶಟ್‌ಡೌನ್ ಮಾಡಲು ಸಾಕು, ಅದರಾಚೆಗೆ ಇಲ್ಲ.

ಎರಡನೆಯದು ಲಿಥಿಯಂ ಐರನ್ ಫಾಸ್ಫೇಟ್, ಅದೂ 7 ಆಂಪ್-ಅವರ್. ಕೈಯಲ್ಲಿ ಹಿಡಿದರೆ ಸೀಸದ್ದರ ಅರ್ಧ ತೂಕವೂ ಇಲ್ಲ. ತುಂಬ ಆಸೆಯಿಂದ ಜೋಡಿಸಿದೆ. ಪ್ಲಗ್ ಕಿತ್ತ ತಕ್ಷಣ ಕಂಪ್ಯೂಟರ್ ಆಫ್! ಬ್ಯಾಟರಿ ಕೆಟ್ಟಿರಲಿಲ್ಲ, ಅದರೊಳಗಿನ ರಕ್ಷಣಾ ಸರ್ಕ್ಯೂಟ್ 10 ಆಂಪ್ ದಾಟಿದರೆ ಕಡಿದುಬಿಡುತ್ತದೆ. ಲೇಬಲ್ ಮೇಲೆ ಸಣ್ಣಕ್ಷರದಲ್ಲಿದ್ದ ಆ ಅಂಕಿಯನ್ನು ಕೊಳ್ಳುವ ಮೊದಲೇ ಓದಬೇಕಿತ್ತು. ರೂಟರ್ ಒಂದನ್ನೇ ಬಿಟ್ಟಾಗ ಮೂರು ಗಂಟೆಗೂ ಹೆಚ್ಚು ನಡೆಯಿತು, ಆದರೆ ಕೊನೆಯವರೆಗೂ ಯುಪಿಎಸ್ ಎಲ್ಲ ದೀಪ ಹೊತ್ತಿಸಿಕೊಂಡೇ ಇದ್ದು ಎಚ್ಚರಿಕೆಯಿಲ್ಲದೆ ನಿಂತಿತು. ಯುಪಿಎಸ್ ಚಾರ್ಜನ್ನು ಅಳೆಯುವುದು ವೋಲ್ಟೇಜ್ ನೋಡಿ. ಲಿಥಿಯಂನಲ್ಲಿ ಅದು ಕೊನೆಯ ತನಕ ಹೆಚ್ಚು ಇಳಿಯುವುದೇ ಇಲ್ಲ.

ಮೂರನೆಯದು 9 ಆಂಪ್-ಅವರ್‌ನ ಹೈ-ರೇಟ್, ಅಂದರೆ ಸ್ವಲ್ಪ ಹೊತ್ತಿನಲ್ಲೇ ಹೆಚ್ಚು ಕರೆಂಟ್ ಕೊಡಬಲ್ಲ, ಸೀಸದ ಬ್ಯಾಟರಿ. ಅಳತೆ 7ರದ್ದೇ: 151 ಮಿಲಿಮೀಟರ್ ಉದ್ದ, 65 ಅಗಲ, ಹಾಗಾಗಿ ಅದೇ ಗೂಡಿನಲ್ಲಿ ಕೂತಿತು. ಟರ್ಮಿನಲ್ ಮಾತ್ರ ನೋಡಿಕೊಳ್ಳಿ. ಇದರದ್ದು 6.3 ಮಿಲಿಮೀಟರ್ ಅಗಲ, ನನ್ನ ಯುಪಿಎಸ್ ತಂತಿಯ ಕ್ಲಿಪ್ಪೂ ಅಷ್ಟೇ ಇತ್ತು, 4.8ರದ್ದನ್ನು ತಂದು ಅದೇ ಕ್ಲಿಪ್ಪಿಗೆ ಸಿಕ್ಕಿಸಿದರೆ ಸಡಿಲವಾಗಿ, ಅಷ್ಟು ಕರೆಂಟಿಗೆ ಬಿಸಿಯೇರುತ್ತದೆ. ಇದು ಕೊಟ್ಟಿದ್ದು 14 ನಿಮಿಷ, ಮುಗಿಯುವ ಮುಂಚೆ ಸರಿಯಾಗಿ ಕೂಗಿ ಎಚ್ಚರಿಸಿತು ಕೂಡ.

ಕಂಪ್ಯೂಟರ್‌ಗೆ ಈ ಮೂರನೆಯದನ್ನೇ ಉಳಿಸಿಕೊಂಡೆ. ಲಿಥಿಯಂ ಈಗ ಇನ್ನೊಂದು ಸಣ್ಣ ಯುಪಿಎಸ್‌ನಲ್ಲಿ ರೂಟರ್ ಕಾಯುತ್ತಿದೆ.